ವೇಷ ಮತ್ತು ಕ್ಯಾಮರಾ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಒತ್ತಾಯಪಡಿಸಿದಾಗ ನಾನು ಮೊದಲು ಹಿಂಜರಿದೆ. ಕಥೆ ಕವನಗಳನ್ನು ಬರೆಯುವ ಶಕ್ತಿ ನನಗಿಲ್ಲ. ಅಷ್ಟಿಷ್ಟು ತಿಳಿದಿರುವುದು ಛಾಯಾಚಿತ್ರ ತೆಗೆಯುವ ಕೆಲಸವೊಂದೇ. ಅದರಲ್ಲಿಯೂ ವೇಷ ತೊಟ್ಟವರ ಚಿತ್ರ ತೆಗೆಯುವುದರಲ್ಲಿ ಕಳೆದ ಮೂರು ವರ್ಷಗಳ ರಜೆಗಳನ್ನೆಲ್ಲ ಕಳೆದಿದ್ದೇನೆ. ಬಳ್ಳಾರಿ ನಗರದ ಬೀದಿಗಳಲ್ಲಿ ಹಗಲುವೇಷ, ಕುರುಗೋಡಿನಲ್ಲಿ ಮೊಹರಂ ಹುಲಿ, ಸಿರುಗುಪ್ಪದ ಕಡೆಯ ಹಳ್ಳಿಗಳಲ್ಲಿ ಬಯಲಾಟ, ಈ ಮೂರರ ಬೆನ್ನು ಹತ್ತಿ ಅಲೆದು ಕಲಿತದ್ದನ್ನೂ, ಒಂದು ತಪ್ಪು ಮಾಡಿ ಕಲಿತದ್ದನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ಗುರುಗಳು ತಪ್ಪಿದ್ದಲ್ಲಿ ತಿದ್ದಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಈ ಹವ್ಯಾಸಕ್ಕೆ ಕಾರಣನಾದವನು ನನ್ನ ಒಬ್ಬ ಗೆಳೆಯ. ಅವನು ಬೆಂಗಳೂರಿನ ಕಾಮಿಕ್ ಕಾನ್ ಎಂಬ ಮೇಳಕ್ಕೆ ಹೋಗಿ ಬಂದು, ತನ್ನ ಫೋನಿನಲ್ಲಿ ತುಂಬಿಕೊಂಡು ತಂದ ಚಿತ್ರಗಳನ್ನು ನಮಗೆಲ್ಲ ತೋರಿಸಿದ. ಬಾಹ್ಯಾಕಾಶದ ಯೋಧರು, ಲೋಹದ ಕವಚದ ವೀರರು, ನೀಲಿ ಕೂದಲಿನ ಕನ್ಯೆಯರು! ಅವರೆಲ್ಲರೂ ನಮ್ಮಂತಹ ವಿದ್ಯಾರ್ಥಿಗಳೇ, ಕಚೇರಿಗಳಲ್ಲಿ ದುಡಿಯುವವರೇ. ತಾವು ಮೆಚ್ಚಿದ ಕಥೆಯ ನಾಯಕನಂತೆ ಉಡುಗೆ ಹೊಲಿಸಿಕೊಂಡು ಆ ಒಂದು ದಿನ ಅವನೇ ಆಗಿ ಓಡಾಡುತ್ತಾರೆ. ಚಿತ್ರಗಳನ್ನು ತೋರಿಸಿ ಮುಗಿಸಿದ ಗೆಳೆಯ, “ನಮ್ಮ ಬಳ್ಳಾರಿಯಲ್ಲಿ ಇಂಥಾದ್ದು ಏನೈತಿ, ಬರೇ ಧೂಳು!” ಎಂದು ನಿಟ್ಟುಸಿರು ಬಿಟ್ಟ. ಆ ಮಾತು ನನ್ನನ್ನು ಚುಚ್ಚಿತು. ಉತ್ತರ ಕೊಡಬೇಕೆಂದು ಹೊರಟವನಿಗೆ ಮೂರು ವರ್ಷ ಹಿಡಿಯಿತು.

ಮೊದಲು ಆ ದೂರದ ಮೇಳಗಳ ವಿಚಾರವನ್ನು ಸ್ವಲ್ಪ ತಿಳಿಯೋಣ. ವಿಜ್ಞಾನ ಕಥೆಗಳ ಅಭಿಮಾನಿಗಳು ವೇಷ ಧರಿಸಿ ಸಮ್ಮೇಳನಕ್ಕೆ ಬರುವ ರೂಢಿ ಇಂದು ನಿನ್ನೆಯದಲ್ಲ. ೧೯೩೯ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಮೊದಲನೆಯ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆಯಿತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಎಂಬ ಯುವಕನೂ ಮರ್ಟಲ್ ಡಗ್ಲಾಸ್ ಎಂಬ ಯುವತಿಯೂ ಭವಿಷ್ಯ ಕಾಲದ ಉಡುಪು ತೊಟ್ಟು ಬಂದರು. ಎಚ್. ಜಿ. ವೆಲ್ಸ್ ಚಿತ್ರಕಥೆ ಬರೆದ ೧೯೩೬ರ ಒಂದು ಚಲನಚಿತ್ರ ಆ ಉಡುಪುಗಳಿಗೆ ಪ್ರೇರಣೆ. ಅವುಗಳನ್ನು ಹೊಲಿದವಳು ಮರ್ಟಲ್ ಡಗ್ಲಾಸಳೇ. ಮರುವರ್ಷ ಚಿಕಾಗೋ ಸಮ್ಮೇಳನದಲ್ಲಿ ವೇಷಗಳ ಮೇಳವೇ ಏರ್ಪಟ್ಟಿತು. ಅಲ್ಲಿಂದ ಈ ರೂಢಿ ದೇಶದೇಶಗಳಿಗೆ ಹಬ್ಬಿ, ಜಪಾನಿನಲ್ಲಿ ‘ಕಾಸ್‌ಪ್ಲೇ’ ಎಂಬ ಹೆಸರು ಪಡೆಯಿತು. ಬೆಂಗಳೂರಿನಲ್ಲಿ ಕಾಮಿಕ್ ಕಾನ್ ಮೊದಲ ಬಾರಿಗೆ ನಡೆದದ್ದು ೨೦೧೨ರಲ್ಲಿ.

ಆದರೆ ವೇಷವೆಂಬುದು ನಮಗೆ ಹೊಸದೇ? ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಬಣ್ಣ, ಉಡುಗೆ, ಒಡವೆ, ಆಯುಧಗಳೆಲ್ಲ ಆಹಾರ್ಯಕ್ಕೆ ಸೇರಿದವು. ಎಂದರೆ ವೇಷ ಬರಿಯ ಅಲಂಕಾರವಲ್ಲ, ಅದೇ ಒಂದು ಅಭಿನಯ. ಕಿರೀಟ ತಲೆಗೇರಿದ ಕೂಡಲೇ ನಡೆ ಬದಲಾಗುತ್ತದೆ, ದನಿ ಬದಲಾಗುತ್ತದೆ. ಕ್ಯಾಮರಾ ಹಿಡಿದವನು ಮೊದಲು ತಿಳಿಯಬೇಕಾದ ತತ್ತ್ವ ಇದು.

ಇನ್ನು ನಮ್ಮ ಊರಿಗೆ ಬರೋಣ. ಹಗಲುವೇಷದವರನ್ನು ನೋಡದವರು ನಮ್ಮಲ್ಲಿ ವಿರಳ. ಹೆಸರೇ ಹೇಳುವಂತೆ ಇವರ ಆಟ ಹಗಲಿನಲ್ಲಿ, ರಂಗಸ್ಥಳ ಬೀದಿಯೇ. ಹಾರ್ಮೋನಿಯಂ ತಬಲಗಳೊಡನೆ ಊರಿಗೆ ಬಂದು ಕೆಲವು ದಿನ ಬಿಡಾರ ಹೂಡುತ್ತಾರೆ. ಒಂದು ದಿನ ರಾಮ ಲಕ್ಷ್ಮಣರು, ಮರುದಿನ ಭೀಮ ಆಂಜನೇಯರು, ಇನ್ನೊಂದು ದಿನ ನಗೆಯ ವೇಷ. ಕೊನೆಯ ದಿನ ಮನೆಮನೆಗೆ ಹೋಗಿ ಕಾಳು ಕಾಸು ಬೇಡುತ್ತಾರೆ. ತಂದೆಯಿಂದ ಮಗನಿಗೆ ಬಂದ ವೃತ್ತಿ ಇದು. ಕೌಲ್ ಬಜಾರಿನ ಗದ್ದಲದ ನಡುವೆ, ಆಟೋಗಳ ಹಾರ್ನುಗಳ ಮೇಲೆ ದನಿಯೇರಿಸಿ ಆಂಜನೇಯ ಮಾತನಾಡುವುದನ್ನು ನಾನು ಕೇಳಿದ್ದೇನೆ.

ಇವರ ಚಿತ್ರ ತೆಗೆಯುವವನಿಗೆ ಎದುರಾಗುವ ಶತ್ರು ನಮ್ಮ ಬಳ್ಳಾರಿಯ ಬಿಸಿಲೇ. ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಕಿರೀಟದ ನೆರಳು ಹಣೆಯಿಂದ ಇಳಿದು ಕಣ್ಣುಗಳನ್ನು ಮುಚ್ಚಿಬಿಡುತ್ತದೆ. ಚಿತ್ರದಲ್ಲಿ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿಗಳು ಮಾತ್ರ ಉಳಿಯುತ್ತವೆ. ಇದಕ್ಕೆ ಪರಿಹಾರ ಸುಲಭ. ಬೇವಿನ ಮರದ ನೆರಳಿನ ಅಂಚಿಗೆ, ಇಲ್ಲವೇ ಅಂಗಡಿಯ ಚಪ್ಪರದ ಕೆಳಕ್ಕೆ ಬರುವಂತೆ ಅವರನ್ನು ಕೇಳಿಕೊಳ್ಳಬೇಕು. ಎದುರಿಗೆ ಬಿಸಿಲು ಬಿದ್ದ ಸುಣ್ಣದ ಗೋಡೆಯಿದ್ದರೆ ಅದರ ಬೆಳಕು ತಿರುಗಿ ಬಂದು ಮುಖವನ್ನು ಮೃದುವಾಗಿ ಬೆಳಗುತ್ತದೆ. ಗೋಡೆಯಿಲ್ಲದಿದ್ದಲ್ಲಿ ಗೆಳೆಯನೊಬ್ಬ ಬಿಳಿಯ ಪಂಚೆಯನ್ನು ಬಿಡಿಸಿ ಹಿಡಿದರೂ ಸಾಕು. ಬೆಲೆಬಾಳುವ ಉಪಕರಣಗಳು ಮಾಡುವ ಕೆಲಸವನ್ನೇ ಆ ಪಂಚೆ ಮಾಡುತ್ತದೆ.

ಎರಡನೆಯದು ಹುಲಿವೇಷ. ಮೊಹರಂ ಹಬ್ಬದಲ್ಲಿ ಜಾತಿಮತಗಳ ಭೇದವಿಲ್ಲದೆ ಜನ ಕೂಡುವುದು ನಮ್ಮ ಸೀಮೆಯ ಹಳೆಯ ಸಂಪ್ರದಾಯ. ಕಾಯಿಲೆ ವಾಸಿಯಾದರೆ, ಮಗು ಉಳಿದರೆ ಹುಲಿಯಾಗಿ ಕುಣಿಯುತ್ತೇನೆಂದು ಹರಕೆ ಹೊತ್ತವರು ಮೈಯೆಲ್ಲ ಹಳದಿ ಕಪ್ಪು ಪಟ್ಟೆ ಬರೆಸಿಕೊಳ್ಳುತ್ತಾರೆ. ಕುರುಗೋಡಿನಲ್ಲಿ, ಬಂಡೆಗಳ ಬೆಟ್ಟದ ಕೆಳಗಿನ ಓಣಿಯೊಂದರಲ್ಲಿ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಿದ್ದ ಹುಲಿಯೊಂದನ್ನು ನಾನು ಇಡೀ ಮಧ್ಯಾಹ್ನ ಹಿಂಬಾಲಿಸಿದೆ. ಬಣ್ಣ ಬರೆಯಲು ಗಂಟೆಗಟ್ಟಲೆ ಬೇಕು; ಅದು ಒಣಗುವವರೆಗೆ ಕೈಕಾಲು ಚಾಚಿ ನಿಂತೇ ಇರಬೇಕು; ಒಣಗಿದ ಮೇಲೆ ಚರ್ಮ ಬಿಗಿದುಕೊಳ್ಳುತ್ತದೆ. ಅಂಥವನನ್ನು “ಇನ್ನೊಂದು ಸಲ ಹಾರು, ಇನ್ನೊಂದು ಸಲ ಘರ್ಜಿಸು” ಎಂದು ಕಾಡುವುದು ಅಮಾನುಷ. ಅವನು ಕುಣಿಯುವುದು ದೇವರಿಗೆ, ನಮ್ಮ ಕ್ಯಾಮರಾಕ್ಕಲ್ಲ. ಇಲ್ಲಿ ನಾವೇ ಓಡಬೇಕು, ನಾವೇ ಬಗ್ಗಬೇಕು. ಜಿಗಿತವನ್ನು ಹಿಡಿಯಲು ಕ್ಯಾಮರಾದ ಕಣ್ಣು ಒಂದು ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಕಾಲ ಮಾತ್ರ ತೆರೆದು ಮುಚ್ಚಬೇಕು. ಬಿಸಿಲು ಧಾರಾಳವಾಗಿರುವುದರಿಂದ ಅದು ಕಷ್ಟವಲ್ಲ.

ಮೂರನೆಯದು, ನನಗೆ ಅತ್ಯಂತ ಪ್ರಿಯವಾದದ್ದು, ಬಯಲಾಟ. ದೊಡ್ಡಾಟವೆಂದು ಜನ ಕರೆಯುವ ಇದನ್ನು ವಿದ್ವಾಂಸರು ಮೂಡಲಪಾಯವೆಂದು ಗುರುತಿಸುತ್ತಾರೆ. ಸಿರುಗುಪ್ಪದ ಕಡೆಯ ಹಳ್ಳಿಗಳಲ್ಲಿ ಭತ್ತದ ಸುಗ್ಗಿ ಮುಗಿದು ಕೈ ಬಿಡುವಾದಾಗ ಇದರ ತಾಲೀಮು ಕೇಳಿಬರುತ್ತದೆ. ಆಡುವವರು ರೈತರು, ಕೂಲಿಯವರು, ಅಂಗಡಿಯವರು. ತಿಂಗಳುಗಟ್ಟಲೆ ಮೇಷ್ಟ್ರಿಂದ ಮಾತು ಹಾಡು ಕಲಿತು, ವೇಷಗಳನ್ನು ಬಾಡಿಗೆಗೆ ತಂದು, ಎಷ್ಟೋ ಸಲ ಸ್ವಂತ ಹಣವನ್ನೇ ಸುರಿದು ಒಂದು ರಾತ್ರಿ ಆಡುತ್ತಾರೆ. ಮೆಚ್ಚಿದ ವೀರನ ವೇಷಕ್ಕಾಗಿ ವರ್ಷದ ಉಳಿತಾಯವನ್ನು ಖರ್ಚು ಮಾಡುವ ಆ ದೂರದ ಅಭಿಮಾನಿಗೂ, ದುರ್ಯೋಧನನ ಪಾತ್ರಕ್ಕಾಗಿ ಭತ್ತದ ಹಣ ತೆಗೆದಿಡುವ ನಮ್ಮ ರೈತನಿಗೂ ಏನು ವ್ಯತ್ಯಾಸ? ನನ್ನ ಗೆಳೆಯನಿಗೆ ಕೊಡಬೇಕಾದ ಉತ್ತರ ನನಗೆ ದೊರಕಿದ್ದು ಇಲ್ಲಿಯೇ.

ಬಯಲಾಟದ ವೇಷವನ್ನು ಒಮ್ಮೆ ಹತ್ತಿರದಿಂದ ನೋಡಿರಿ. ಎತ್ತರದ ಕಿರೀಟ, ತೋಳುಗಳ ಮೇಲೆ ರೆಕ್ಕೆಯಂತೆ ನಿಂತ ಭುಜಕೀರ್ತಿ, ಎದೆಯ ಮೇಲಿನ ಹಲಗೆ, ಸೊಂಟದ ಡಾಬು, ಕಾಲ ಗೆಜ್ಜೆ. ಹಗುರವಾದ ಕಟ್ಟಿಗೆಯ ಮೇಲೆ ಬಣ್ಣದ ಬೇಗಡೆಯನ್ನೂ ಕನ್ನಡಿಯ ಚೂರುಗಳನ್ನೂ ಅಂಟಿಸಿ ಇವನ್ನು ಮಾಡುತ್ತಾರೆ. ಇಷ್ಟೊಂದು ಕನ್ನಡಿ ಏಕೆ ಎಂದು ಯೋಚಿಸಿದ್ದೀರಾ? ವಿದ್ಯುತ್ತಿಲ್ಲದ ಕಾಲದಲ್ಲಿ ಪಂಜು ದೀವಟಿಗೆಗಳ ಬೆಳಕಿನಲ್ಲಿ ಆಟ ನಡೆಯುತ್ತಿತ್ತು. ಮುಂದೆ ಪೆಟ್ರೋಮ್ಯಾಕ್ಸ್ ಬಂದಿತು. ಅಲುಗಾಡುವ ಉರಿಯ ಮುಂದೆ ರಾಜ ಒಂದು ಹೆಜ್ಜೆಯಿಟ್ಟರೆ ಪ್ರತಿಯೊಂದು ಚೂರೂ ಬೇರೆ ಬೇರೆಯಾಗಿ ಮಿನುಗುತ್ತದೆ. ದೂರದಲ್ಲಿ ಕುಳಿತ ಮುದುಕಿಗೂ ರಾಜ ಕಾಣುತ್ತಾನೆ. ಇಂದು ಎಲ್‌ಇಡಿ ದೀಪಗಳನ್ನು ಎದುರಿನಿಂದ ಸಮನಾಗಿ ಹಾಕುವುದರಿಂದ ಆ ಮಿನುಗು ಸತ್ತುಹೋಗುತ್ತದೆ. ಕ್ಯಾಮರಾದ ಫ್ಲಾಶ್ ಬೆಳಗಿಸಿದರಂತೂ ಕನ್ನಡಿಗಳೆಲ್ಲ ಒಟ್ಟಿಗೆ ತಿರುಗಿ ಉರಿದು ಚಿತ್ರ ಬಿಳಿಯ ಕಲೆಗಳ ರಾಶಿಯಾಗುತ್ತದೆ. ಆದುದರಿಂದ ಫ್ಲಾಶ್ ಬೇಡವೇ ಬೇಡ. ದೀಪ ಒಂದು ಬದಿಯಿಂದ ಬೀಳುವ ಸ್ಥಳವನ್ನು ಹುಡುಕಿ ಕುಳಿತುಕೊಳ್ಳಬೇಕು.

ಇನ್ನೆರಡು ತೊಡಕುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದ್ದು. ಅನೇಕ ಅಗ್ಗದ ದೀಪಗಳು ಅದರಿಂದ ಸೆಕೆಂಡಿಗೆ ೧೦೦ ಸಲ ಮಿಣುಕುತ್ತವೆ. ಕಣ್ಣಿಗೆ ಇದು ತಿಳಿಯದು. ಆದರೆ ಕ್ಯಾಮರಾ ಬಹು ವೇಗವಾಗಿ ತೆರೆದು ಮುಚ್ಚಿದರೆ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿಗಳು ಮೂಡುತ್ತವೆ. ಸೆಕೆಂಡಿನ ನೂರನೆಯ ಅಥವಾ ಐವತ್ತನೆಯ ಒಂದು ಭಾಗದಷ್ಟು ಕಾಲ ತೆರೆದಿಟ್ಟರೆ ಪಟ್ಟಿಗಳು ಮಾಯವಾಗುತ್ತವೆ. ಆದರೆ ಆಗ ಕುಣಿತವನ್ನು ಬಿಟ್ಟು ನಿಲುವನ್ನು ಹಿಡಿಯಬೇಕು. ಎರಡನೆಯದು ಕತ್ತಲೆಯ ವಂಚನೆ. ಕ್ಯಾಮರಾ ತನ್ನ ಮುಂದಿನ ದೃಶ್ಯವನ್ನೆಲ್ಲ ಸರಾಸರಿ ಮಾಡಿ ಬೆಳಕನ್ನು ಅಳೆಯುತ್ತದೆ. ಹಿಂದೆ ಕಾರಿರುಳಿದ್ದರೆ ಬೆಳಕು ಸಾಲದೆಂದು ಬಗೆದು ಅಗತ್ಯಕ್ಕಿಂತ ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸಫೇದ ಬಳಿದ ಮುಖ ಆಗ ಸುಣ್ಣದ ಮುದ್ದೆಯಂತಾಗಿ, ಕಾಡಿಗೆಯ ಹುಬ್ಬೂ ಕುಂಕುಮದ ಗೆರೆಗಳೂ ಅಳಿಸಿಹೋಗುತ್ತವೆ. ಬೆಳಕಿನ ಅಳತೆಯನ್ನು ನಾವೇ ಒಂದು ಮೆಟ್ಟಲು ಇಳಿಸಿದರೆ ಬಣ್ಣ ಮರಳಿ ಬರುತ್ತದೆ. ಈಗಿನ ಫೋನುಗಳಲ್ಲಿಯೂ ಬೆರಳಿಂದ ಇದನ್ನು ಮಾಡಬಹುದು.

ಇಷ್ಟನ್ನು ಕಲಿತ ಮೇಲೆ ನಾನು ದೊಡ್ಡ ಛಾಯಾಚಿತ್ರಗಾರನಾದೆನೆಂದೇ ಭಾವಿಸಿದೆ. ನನ್ನ ತಪ್ಪು ನಡೆದದ್ದು ಆಗಲೇ.

ಎರಡು ವರ್ಷಗಳ ಹಿಂದೆ ಸಿರುಗುಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕುರುಕ್ಷೇತ್ರದ ಆಟವಿತ್ತು. ಬಣ್ಣ ಹಚ್ಚುವ ಮನೆಯೊಳಕ್ಕೆ ನಾನು ಯಾರನ್ನೂ ಕೇಳದೆ ನುಗ್ಗಿದೆ. ಅಲ್ಲಿ ದುರ್ಯೋಧನನ ಪಾತ್ರದ ಹಿರಿಯರು, ಎಪ್ಪತ್ತರ ಹತ್ತಿರದವರು, ಅರ್ಧ ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು, ಮೂಗಿನ ಮೇಲೆ ಕನ್ನಡಕ ಇಳಿಬಿಟ್ಟು, ಬನೀನಿನಲ್ಲಿ ಕುಳಿತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಒಂದು ಮೀಸೆ ಅಂಟಿಸಿತ್ತು, ಇನ್ನೊಂದು ಇರಲಿಲ್ಲ. ನಾನು ಬಾಗಿಲ ಸಂದಿಯಿಂದ ಚಿತ್ರ ಹೊಡೆದೆ. ಬೆಳಕು ಅದ್ಭುತವಾಗಿತ್ತು. ಮರುದಿನ “ದುರ್ಯೋಧನನಿಗೂ ಮಿರ್ಚಿ ಬೇಕು” ಎಂಬ ತಲೆಬರಹ ಕೊಟ್ಟು ಗೆಳೆಯರ ಗುಂಪುಗಳಿಗೆ ಕಳುಹಿಸಿದೆ. ಸಂಜೆಯೊಳಗೆ ಅದು ಊರೂರು ಸುತ್ತಿತು. ಎಲ್ಲರೂ ನಕ್ಕರು, ನಾನೂ ಉಬ್ಬಿದೆ.

ಮೂರನೆಯ ದಿನ ನಮ್ಮ ಕಾಲೇಜಿನಲ್ಲಿಯೇ ಓದುತ್ತಿದ್ದ ಒಬ್ಬ ಕಿರಿಯ ವಿದ್ಯಾರ್ಥಿ ನನ್ನನ್ನು ಹುಡುಕಿಕೊಂಡು ಬಂದ. “ಅಣ್ಣಾ, ಆ ಫೋಟೋದಾಗ ಇರೋರು ನಮ್ ತಾತ” ಎಂದ. ಅವನು ಬೈಯಲಿಲ್ಲ. “ತಾತ ಎರಡು ದಿನದಿಂದ ಹೋಟೆಲ್ ಕಡೀಗೆ ಹೋಗಿಲ್ಲ. ಹುಡುಗರೆಲ್ಲಾ ಮಿರ್ಚಿ ಬೇಕೇನು ಅಂತ ಕೇಳ್ತಾರಂತೆ” ಎಂದಷ್ಟೇ ಹೇಳಿದ. ಭೂಮಿ ಬಾಯ್ದೆರೆಯಬಾರದೇ ಎನ್ನಿಸಿತು. ಚಿತ್ರವನ್ನು ಆಗಲೇ ಅಳಿಸಿದೆ. ಆದರೆ ಬಿಟ್ಟ ಬಾಣವನ್ನಾದರೂ ಹುಡುಕಿ ತರಬಹುದು, ಫೋನಿನಿಂದ ಫೋನಿಗೆ ಹಾರಿದ ಚಿತ್ರವನ್ನು ತರಲಾಗದು.

ಆ ಭಾನುವಾರ ಹುಡುಗನೊಡನೆ ಅವರ ಊರಿಗೆ ಹೋದೆ. ತಾತ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಕಾಲು ಮುಟ್ಟಿ ತಪ್ಪಾಯಿತೆಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ತಮ್ಮಾ, ಕಿರೀಟ ಕಟ್ಟಿದ ಮ್ಯಾಲೆ ನಾನು ದುರ್ಯೋಧನ. ಕಟ್ಟೂಕಿಂತ ಮುಂಚೆ ನಾನು ನಾನೇ. ನೀನು ತಗದಿದ್ದು ಅವನ್ದೂ ಅಲ್ಲ, ನನ್ದೂ ಅಲ್ಲ.” ಸ್ವಲ್ಪ ತಡೆದು, “ನಲವತ್ತು ವರ್ಷ ಈ ಪಾತ್ರ ಮಾಡೀನಿ. ಕಿರೀಟದಾಗ ನಂದೊಂದು ಫೋಟೋ ಮನಿಯಾಗ ಇಲ್ಲ. ಇದ್ದಿದ್ದೊಂದು ಇದು ಆತು ನೋಡು” ಎಂದರು.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ನಲವತ್ತು ವರ್ಷ ರಾಜನಾಗಿ ಮೆರೆದವನ ಒಂದೇ ಒಂದು ಚಿತ್ರ, ಅದೂ ನಗೆಪಾಟಲಿನದು, ಅದೂ ನಾನು ತೆಗೆದದ್ದು!

ವಿದೇಶದ ಮೇಳಗಳಲ್ಲಿಯೂ ಇದೇ ಸಂಕಟ ಬಂದದ್ದುಂಟು. ವೇಷ ತೊಟ್ಟು ಬಂದವರನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಕೇಳದೆ ಚಿತ್ರ ತೆಗೆಯುವುದು, ಮೈಮುಟ್ಟುವುದು ಹೆಚ್ಚಾಯಿತು. ೨೦೧೪ರಲ್ಲಿ ನ್ಯೂಯಾರ್ಕಿನ ಕಾಮಿಕ್ ಕಾನ್ ಮೇಳದವರು ‘ವೇಷ ತೊಟ್ಟರೆ ಒಪ್ಪಿಗೆ ಕೊಟ್ಟಂತಲ್ಲ’ ಎಂಬ ಅರ್ಥದ ದೊಡ್ಡ ಫಲಕಗಳನ್ನು ನಿಲ್ಲಿಸಿದರು. ಚಿತ್ರ ತೆಗೆಯುವ ಮೊದಲು ಕೇಳಬೇಕು, ಬೇಡವೆಂದರೆ ಸುಮ್ಮನಾಗಬೇಕೆಂಬುದು ಅಲ್ಲಿಯ ನಿಯಮ. ನಮ್ಮ ಹಳ್ಳಿಗಳಲ್ಲಿ ಅಂಥ ಫಲಕವಿಲ್ಲ. ಆದರೆ ಅದಕ್ಕಿಂತ ಹಳೆಯದಾದ ಒಂದು ಪಾಠ ಬಯಲಾಟದೊಳಗೇ ಇದೆ ಎಂಬುದು ನನಗೆ ನಿಧಾನವಾಗಿ ಹೊಳೆಯಿತು.

ಪಾತ್ರ ರಂಗಕ್ಕೆ ಬರುವ ಕ್ರಮವನ್ನು ನೆನೆಯಿರಿ. ಇಬ್ಬರು ತೆರೆ ಹಿಡಿಯುತ್ತಾರೆ. ಅದರ ಹಿಂದೆ ಗೆಜ್ಜೆಯ ಸದ್ದು ಕೇಳುತ್ತದೆ. ತೆರೆ ಸರಿದು ರಾಜ ಕುಣಿದು ಮುಂದೆ ಬಂದು ನಿಂತೊಡನೆ ಸಾರಥಿ ಕೈಮುಗಿದು ಕೇಳುತ್ತಾನೆ: ತಾವು ಯಾರು, ಯಾವ ದೇಶದ ಅರಸರು, ನಾಮಾಂಕಿತವೇನು? ರಾಜನೆಂಬುದು ಸಭೆಗೆಲ್ಲ ಗೊತ್ತು, ಸಾರಥಿಗೂ ಗೊತ್ತು. ಆದರೂ ಕೇಳುತ್ತಾನೆ. ಕೇಳಿದ ಮೇಲೆಯೇ ರಾಜ ಎದೆಯುಬ್ಬಿಸಿ, ಗದೆಯನ್ನು ಹೆಗಲಿಗೇರಿಸಿ, ತನ್ನ ಹೆಸರನ್ನು ತಾನೇ ಸಾರುತ್ತಾನೆ. ಅವನು ತನ್ನನ್ನು ಲೋಕಕ್ಕೆ ತೋರಿಸಿಕೊಳ್ಳಲು ಒಪ್ಪಿದ ಗಳಿಗೆ ಅದು. ಚಿತ್ರ ತೆಗೆಯಲು ಅದಕ್ಕಿಂತ ಯೋಗ್ಯ ಗಳಿಗೆ ಇನ್ನೊಂದಿಲ್ಲ. ಕುಣಿತ ನಿಂತಿರುತ್ತದೆ, ಮುಖ ಸಭೆಯ ಕಡೆಗಿರುತ್ತದೆ, ಬೆಳಕು ಮುಖದ ಮೇಲಿರುತ್ತದೆ. ಕ್ಯಾಮರಾ ಹಿಡಿದವನು ಸಾರಥಿಯಾಗಬೇಕು. ಮೊದಲು ಕೇಳಬೇಕು, ಆಮೇಲೆ ನೋಡಬೇಕು.

ಕೇಳುವುದರಿಂದ ಇನ್ನೊಂದು ಲಾಭವೂ ಉಂಟು: ಯಾವುದು ವೇಷ, ಯಾವುದು ವೇಷವಲ್ಲ ಎಂಬುದು ತಿಳಿಯುತ್ತದೆ. ನಮ್ಮ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯದಿಂದ ಹೆಸರಾಗಿ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದವರು. ಜೋಗತಿಯರ ಸೀರೆ, ಬಳೆ, ಭಂಡಾರಗಳನ್ನು ಕಂಡು ‘ಒಳ್ಳೆಯ ವೇಷ’ ಎಂದು ಕ್ಯಾಮರಾ ಎತ್ತುವವರಿದ್ದಾರೆ. ಅದು ಆಟ ಮುಗಿದ ಮೇಲೆ ಕಳಚಿಡುವ ಉಡುಗೆಯಲ್ಲ. ಅದು ಅವರ ಬಾಳು. ಹುಲಿಯ ಬಣ್ಣ ಹರಕೆ, ಹಗಲುವೇಷ ಹೊಟ್ಟೆಪಾಡು, ಬಯಲಾಟ ಪ್ರೀತಿ. ಕ್ಯಾಮರಾಕ್ಕೆ ಇವೆಲ್ಲವೂ ಬರಿಯ ಬಣ್ಣವಾಗಿ ಕಾಣುತ್ತವೆ. ಬೇರೆಬೇರೆಯೆಂದು ಅರಿಯಬೇಕಾದವರು ಅದನ್ನು ಹಿಡಿದ ನಾವು.

ಮರುವರ್ಷ ಅದೇ ಹಳ್ಳಿಯಲ್ಲಿ ಆಟವಾದಾಗ ತಾತನವರ ಅಪ್ಪಣೆ ಪಡೆದು ಹೋದೆ. ಬಣ್ಣದ ಮನೆಯ ಹೊರಗೆ ಕಾದೆ. ಕಿರೀಟ ಕಟ್ಟಿ ಮುಗಿದ ಮೇಲೆ ಅವರೇ ಕೂಗಿ ಕರೆದರು. ಅಲ್ಲಿ ಒಂದು, ತೆರೆ ಸರಿದಾಗ ಕೆಲವು ಚಿತ್ರ ತೆಗೆದೆ. ಅಟ್ಟದ ಮುಂದೆ ಜನರ ನಡುವೆ ನೆಲದ ಮೇಲೆಯೇ ಕುಳಿತಿದ್ದೆ. ನಿಂತರೆ ಹಿಂದಿನವರಿಗೆ ಅಡ್ಡವಾಗುತ್ತದೆ. ಅಲ್ಲದೆ ರಾಜನನ್ನು ಕೆಳಗಿನಿಂದ ತಲೆಯೆತ್ತಿ ನೋಡಿದಾಗಲೇ ಅವನ ಎತ್ತರ ಕಾಣುವುದು. ತೀರ ಹತ್ತಿರವೂ ಹೋಗಲಿಲ್ಲ. ಫೋನನ್ನು ಮುಖದ ಸಮೀಪ ಹಿಡಿದರೆ ಮೂಗು ಹಿಗ್ಗಿ ಕಿವಿ ಕುಗ್ಗುತ್ತವೆ. ಹತ್ತು ಹೆಜ್ಜೆ ದೂರದಿಂದ ತೆಗೆದರೆ ಅಳತೆ ಸರಿಯಾಗುತ್ತದೆ.

ಬಳ್ಳಾರಿಯಲ್ಲಿ ದೊಡ್ಡ ಅಳತೆಯ ಪ್ರತಿ ಮಾಡಿಸಿ, ಕಟ್ಟು ಹಾಕಿಸಿ ತೆಗೆದುಕೊಂಡು ಹೋದೆ. ತಾತ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ನಾನು ಹೊಗಳಿಕೆಗೆ ಕಾದಿದ್ದೆ. “ಕಿರೀಟದ ತುದಿ ಎಲ್ಲಿ ಹೋತು?” ಎಂದರು. ನೋಡಿದರೆ ನಿಜ, ಮುಖದ ಮೇಲೆಯೇ ಗಮನವಿಟ್ಟು ತುರಾಯಿಯ ಒಂದು ಬೆರಳಷ್ಟನ್ನು ಅಂಚಿನಲ್ಲಿ ಕತ್ತರಿಸಿದ್ದೆ. “ಭೀಮ ತೊಡಿ ಮುರದ. ನೀನು ತುರಾಯಿ ಮುರದಿ” ಎಂದು ನಕ್ಕರು. ಆದರೂ ಮೊಳೆ ತರಿಸಿ ದೇವರ ಪಟಗಳ ಪಕ್ಕದಲ್ಲಿಯೇ ಅದನ್ನು ತೂಗುಹಾಕಿಸಿದರು. ಅಂದಿನಿಂದ ವೇಷದ ಚಿತ್ರ ತೆಗೆಯುವಾಗಲೆಲ್ಲ ಕಿರೀಟದ ಮೇಲೆ ಒಂದು ಗೇಣು ಆಕಾಶ ಬಿಡುವುದನ್ನು ನಾನು ಮರೆತಿಲ್ಲ.

ಸಹಪಾಠಿಗಳೇ, ನಿಮ್ಮೆಲ್ಲರ ಕೈಯಲ್ಲಿಯೂ ಇಂದು ಕ್ಯಾಮರಾ ಇದೆ. ಈ ವರ್ಷದ ಜಾತ್ರೆಗೆ, ಆಟಕ್ಕೆ ಹೋದಾಗ ವೇಷದವರ ಚಿತ್ರಗಳನ್ನು ಅಗತ್ಯವಾಗಿ ತೆಗೆಯಿರಿ. ನಮ್ಮ ನೆಲದ ಕಲೆಯ ದಾಖಲೆ ನಮ್ಮಿಂದಲೇ ಆಗಬೇಕು. ಆದರೆ ಕೇಳಿ ತೆಗೆಯಿರಿ. ಬಣ್ಣ ಮುಗಿಯುವವರೆಗೆ ಕಾಯಿರಿ. ತೆಗೆದ ಮೇಲೆ ಒಂದು ಪ್ರತಿಯನ್ನು ಅವರ ಮನೆಗೆ ಮುಟ್ಟಿಸಿರಿ. ಹಗಲುವೇಷದವರಾದರೆ ಅದರೊಡನೆ ಕೈಲಾದ ಕಾಣಿಕೆಯನ್ನೂ ಕೊಡಿರಿ, ಅದು ಅವರ ಅನ್ನ. ಒಂದು ಪ್ರತಿಯ ಬೆಲೆ ನಮ್ಮ ಒಂದು ದಿನದ ಚಹಾ ತಿಂಡಿಯ ಖರ್ಚಿಗಿಂತ ಹೆಚ್ಚಲ್ಲ.

ಬೆಂಗಳೂರಿಗೆ ಹೋಗಿ ಬಂದ ನನ್ನ ಗೆಳೆಯ ಈ ಸಲ ಸಿರುಗುಪ್ಪದ ಆಟಕ್ಕೆ ನನ್ನ ಜೊತೆ ಬರಲು ಒಪ್ಪಿದ್ದಾನೆ. ಬಿಳಿಯ ಪಂಚೆ ಹಿಡಿಯುವ ಕೆಲಸ ಅವನದು.